ಪಟ್ಟಿಯ ಕೊನೆಯ ಹೆಸರು

“ಕೈ ಬಿಡು ಸಮಿತ್. ನಾನು ನೋಡ್ಲಿಕ್ಕೆ ಬಂದದ್ದು. ನೀರು ಬಿಡ್ಲಿಕ್ಕೆ ಅಲ್ಲ.”

ಅಣ್ಣನ ಮಗ ಹಿಡಿದಿದ್ದ ಮಣಿಕಟ್ಟನ್ನು ವಿನೋದಾ ಒಂದೇ ಸಲ ಕೊಡವಿ ಬಿಡಿಸಿಕೊಂಡಳು. ಅರವತ್ತೇಳು ವರ್ಷದ ಕೈ ನಿಜ. ಆದರೆ ವಾಗ್ಳೆ ಎಸ್ಟೇಟಿನ ಕಾರ್ಖಾನೆ ಕ್ಯಾಂಟೀನಿನಲ್ಲಿ ದಿನಕ್ಕೆ ಇನ್ನೂರು ಚಪಾತಿ ಲಟ್ಟಿಸಿದ ಕೈ. ಐರೋಲಿಯ ಏಸಿ ಆಫೀಸಿನಲ್ಲಿ ಕೀಬೋರ್ಡು ಒತ್ತುವ ಕೈಗೆ ಅದು ಬಗ್ಗುವಂತಿರಲಿಲ್ಲ. ಅವನ ಇನ್ನೊಂದು ಕೈಯಲ್ಲಿದ್ದ ತುಳಸಿ ನೀರು ತುಳುಕಿ ಅವನದೇ ಪಾದದ ಮೇಲೆ ಬಿತ್ತು.

“ಅತ್ತೆ, ಪ್ಲೀಸ್. ಸಬ್ ದೇಖ್ ರಹೇ ಹೈ.”

“ನೋಡ್ಲಿ. ಅವರೂ ನೋಡ್ಲಿಕ್ಕೇ ಬಂದದ್ದಲ್ವಾ.”

ಡೊಂಬಿವಲಿ ಪೂರ್ವದ ಮೂರನೇ ಮಾಳಿಗೆಯ ಆ ಫ್ಲ್ಯಾಟಿನ ಮುಂದಿನ ಕೋಣೆಯಲ್ಲಿ ಸೋಫಾವನ್ನು ಗೋಡೆಗೆ ಒತ್ತಿ, ಟೀಪಾಯಿಯನ್ನು ಬಾಲ್ಕನಿಗೆ ತಳ್ಳಿ, ಬಾಳೆಯೆಲೆಯ ಮೇಲೆ ಅವಳ ಅಣ್ಣ ವಸಂತಕುಮಾರನನ್ನು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದರು. ತಲೆಯ ಬಳಿ ತೆಂಗಿನ ಹೋಳಿನಲ್ಲಿ ದೀಪ. ಬೆಳಿಗ್ಗೆ ಐದಕ್ಕೆ ಹೋದ ಜೀವ. ಮೈ ಬಿಗಿಯುವ ಮೊದಲೇ ಅವನ ಕಪ್ಪು ಬಂದ್‌ಗಲಾ ಕೋಟು ತೊಡಿಸಬೇಕೆಂದು ದೂಮಣ್ಣ ಹಟ ಹಿಡಿದು ತೊಡಿಸಿಯೂ ಇದ್ದರು. ಬಿಳಿ ಪಂಚೆಯ ಮೇಲೆ ಬಂದ್‌ಗಲಾ. ಮೇಲರ್ಧ ದೆಹಲಿ, ಕೆಳಗರ್ಧ ಉಡುಪಿ.

ಊರವರಿಗೆ ಅವನು ಎಂಬಸಿಯಣ್ಣ. ಇಪ್ಪತ್ತೆರಡರ ವಯಸ್ಸಿನಲ್ಲಿ ವಿದೇಶಾಂಗ ಇಲಾಖೆಗೆ ಬೆರಳಚ್ಚು ಗುಮಾಸ್ತನಾಗಿ ಸೇರಿದವನು ಒಂದೊಂದೇ ಪರೀಕ್ಷೆ ಕಟ್ಟಿ, ಆರು ದೇಶಗಳಲ್ಲಿ ಮೇಜು ಬದಲಿಸಿ, ಫಸ್ಟ್ ಸೆಕ್ರೆಟರಿಯಾಗಿ ನಿವೃತ್ತನಾಗಿದ್ದ. ರಾಯಭಾರಿಯ ಕೆಲಸವನ್ನು ಅವನು ನೋಡಿಕೊಂಡದ್ದು ಒಮ್ಮೆ ಮಾತ್ರ, ರಾಯಭಾರಿ ರಜೆಯಲ್ಲಿದ್ದ ಹನ್ನೊಂದು ದಿನ. ತುಳುವರ ಸಂಘದ ಪತ್ರಿಕೆಯಲ್ಲಿ ಅದು ಹನ್ನೊಂದು ವರ್ಷವಾಗಿ ಬೆಳೆದಿತ್ತು. ಅವನು ತಿದ್ದಲಿಲ್ಲ, ಒಪ್ಪಲೂ ಇಲ್ಲ. ಎರಡನ್ನೂ ಮಾಡದೆ ಇರುವುದೇ ಅವನ ಕಸುಬು. ಕಟ್ಟಡದ ಸೊಸೈಟಿಯ ಮೀಟಿಂಗಿನಲ್ಲಿ ಸೋರುವ ನೀರಿನ ಟಾಕಿಯ ಜಗಳ ಎದ್ದಾಗ ಅವನು ಬರೆದ ಠರಾವಿಗೆ ಮೇಲಿನ ಮಾಳಿಗೆಯವರೂ ಕೆಳಗಿನವರೂ ತಾವೇ ಗೆದ್ದೆವೆಂದು ಸಹಿ ಹಾಕಿದ್ದರು. ಟಾಕಿ ಇವತ್ತಿಗೂ ಸೋರುತ್ತಿತ್ತು.

“ವಿನೋದಕ್ಕ, ಇಲ್ಲಿ ಕೇಳಿ,” ಎಂದು ದೂಮಣ್ಣ ಮುಂದೆ ಬಂದರು. ಸ್ಟೇಷನ್ ಹತ್ತಿರ ಹೋಟೆಲು ನಡೆಸುವ ದೂಮಣ್ಣ ಡೊಂಬಿವಲಿಯ ತುಳುವರ ಮದುವೆ, ತೊಟ್ಟಿಲ ಬಾರಸೆ, ಸಾವಿನ ಬೊಜ್ಜಗಳಿಗೆಲ್ಲ ಯಾರೂ ನೇಮಿಸದ ಯಜಮಾನರು. “ಸತ್ತವರ ಬಾಯಿಗೆ ಒಡಹುಟ್ಟಿದವರ ನೀರು ಮೊದಲು ಬೀಳ್ಬೇಕು. ಆಮೇಲೆ ಹೆಂಡತಿ, ಮಗ, ಆಮೇಲೆ ಊರು. ನಿಮ್ಮದು ಬೀಳದೆ ಬೇರೆ ಯಾರದ್ದೂ ಬೀಳ್ಲಿಕ್ಕಿಲ್ಲ. ಯಾರದ್ದೂ ಬೀಳದೆ ಎತ್ತುವ ಕ್ರಮ ಇಲ್ಲ. ಸ್ಮಶಾನದ ಪಾಸು ಹನ್ನೆರಡೂವರೆಗೆ ಉಂಟು. ಈಗ ಹನ್ನೊಂದಾಯ್ತು.”

“ಪಾಸು ನಾನು ತೆಗೆದದ್ದಲ್ಲ.”

“ಸಿಟ್ಟು ಎಂತದ್ದೇ ಇರ್ಲಿ, ಸತ್ತವರ ಹತ್ರ ಎಂತ ಸಿಟ್ಟು?”

“ಬದುಕಿದ್ದಾಗ ಅವನು ಸಿಟ್ಟಿಗೆ ಸಿಕ್ಕಿದ್ರೆ ತಾನೆ ದೂಮಣ್ಣ. ಬೈದ್ರೆ ಥ್ಯಾಂಕ್ಸ್ ಹೇಳ್ತಿದ್ದ.”

ಗೋಡೆಗೆ ಒತ್ತಿದ ಸೋಫಾದಲ್ಲಿ ಯಾರೋ ನಕ್ಕು, ಆ ನಗುವನ್ನು ಕೆಮ್ಮಾಗಿ ಬದಲಿಸಿದರು. ವಿನೋದಾಳ ಮಗಳು ಶ್ರದ್ಧಾ ತಾಯಿಯ ಸೆರಗು ಜಗ್ಗಿದಳು. “ಅಮ್ಮಾ, ಬಸ್ ಕರ್. ಎರಡು ಹನಿ ಬಿಟ್ಟು ಬಿಡು. ಯಾರಿಗೆ ಗೊತ್ತಾಗ್ತದೆ ನಿನ್ನ ಮನಸಲ್ಲಿ ಏನಿದೆ ಅಂತ?”

“ನನಗೆ ಗೊತ್ತಾಗ್ತದೆ,” ಎಂದಳು ವಿನೋದಾ. ಬಾಗಿಲ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೋಗಿ ಕೂತು, ಕೈ ಕಟ್ಟಿದಳು.

*

ಇಪ್ಪತ್ತೆಂಟು ವರ್ಷದ ಹಿಂದೆ, ಗಂಡ ವಿಠಲ ಕೊಲ್ಲಿಯ ಆ ಬಂದರು ನಗರಕ್ಕೆ ಹೋಗುವಾಗ ಸಹಾರ್ ವಿಮಾನ ನಿಲ್ದಾಣದ ಗೇಟಿನಲ್ಲಿ ಹೇಳಿದ್ದ: “ಭಾವ ಅಲ್ಲೇ ಕಾನ್ಸುಲೇಟಿನಲ್ಲಿ ಇದ್ದಾನಲ್ಲ, ಹೆದರಿಕೆ ಎಂತ.” ಕೂಲಿಗಳ ಕ್ಯಾಂಪಿನಲ್ಲಿ ಅಡುಗೆಯವನಾಗಿ ಸೇರಿದ. ಎಂಟು ತಿಂಗಳಿಗೆ, ನಲವತ್ತಮೂರನೇ ವಯಸ್ಸಿಗೆ, ಮಧ್ಯಾಹ್ನದ ಅನ್ನ ಬಸಿಯುತ್ತಾ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಸುದ್ದಿ ಹೇಳಿದ್ದು ಅಣ್ಣನೇ. ವಾಗ್ಳೆ ಎಸ್ಟೇಟಿನ ಎಸ್‌ಟಿಡಿ ಬೂತಿನವನು ಕ್ಯಾಂಟೀನಿಗೆ ಓಡಿ ಬಂದು ಕರೆದಿದ್ದ. ವಿನೋದಾ ಹಿಟ್ಟಿನ ಕೈಯಲ್ಲೇ ಫೋನು ಹಿಡಿದಿದ್ದಳು. ಅಣ್ಣ ಸಾವನ್ನು ಎರಡು ವಾಕ್ಯದಲ್ಲಿ ಹೇಳಿದ. ಉಳಿದ ಹತ್ತು ವಾಕ್ಯ ಕಾಗದಗಳ ಬಗ್ಗೆ.

“ಯಾವಾಗ ಕಳಿಸ್ತಿ ಅಣ್ಣ?”

“ವಿಷಯ ಪರಿಶೀಲನೆಯಲ್ಲಿದೆ, ವಿನೋದಾ. ಎಲ್ಲ ಪ್ರಯತ್ನ ನಡೆಯುತ್ತಿದೆ.”

ವಾರಕ್ಕೆರಡು ಸಲ ಅವಳು ಬೂತಿಗೆ ಹೋದಳು. ವಾರಕ್ಕೆರಡು ಸಲವೂ ವಿಷಯ ಪರಿಶೀಲನೆಯಲ್ಲಿತ್ತು. ಪೊಲೀಸ್ ಕಾಗದ ಬರಬೇಕು, ಕಂಪನಿಯ ಕಾಗದ ಬರಬೇಕು, ಆಸ್ಪತ್ರೆಯ ಮೊಹರು ಸರಿಯಿಲ್ಲ. ಒಂಬತ್ತು ವರ್ಷದ ಶ್ರದ್ಧಾ ದಿನಾ ಸಂಜೆ ಕೇಳುತ್ತಿದ್ದಳು, ಪಪ್ಪಾ ಇವತ್ತು ಹೊರಟರಾ ಅಂತ. ಹದಿಮೂರನೇ ದಿನದ ಬೊಜ್ಜ ಮಾಡುವುದೋ ಬಿಡುವುದೋ ಎಂದು ಹಿರಿಯರು ಜಗಳವಾಡಿ ಎದ್ದು ಹೋದರು; ಸುಡದವನಿಗೆ ಬೊಜ್ಜ ಹೇಗೆ? ಅವಳು ಕುಂಕುಮ ಇಡಲೂ ಇಲ್ಲ, ಅಳಿಸಲೂ ಇಲ್ಲ. ಹಣೆಯನ್ನು ಸೆರಗಿನಿಂದ ಮುಚ್ಚಿಕೊಂಡು ಚಪಾತಿ ಲಟ್ಟಿಸಿದಳು.

ಐವತ್ತೆರಡನೇ ದಿನ ವಿಠಲ ಬಂದ. ಸರಕಿನ ಗೋದಾಮಿನಲ್ಲಿ ಕೊಟ್ಟ ಪೆಟ್ಟಿಗೆಯೊಳಗೆ ಬೆಸುಗೆ ಹಾಕಿದ ತಗಡಿನ ಇನ್ನೊಂದು ಪೆಟ್ಟಿಗೆ. ಜೊತೆಯ ಕಾಗದದಲ್ಲಿ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ‘ತೆರೆಯಕೂಡದು’ ಎಂದು ಬರೆದು ಕೆಳಗೆ ಸಹಿ. ಸಹಿ ಅಣ್ಣನದು, ಗುಂಡಗೆ, ಮುದ್ದಾಗಿ. ಅಂಬರನಾಥದ ಸ್ಮಶಾನದಲ್ಲಿ ಅವಳು ಗಂಡನ ಬಾಯಿಗೆ ಬಿಡಬೇಕಾದ ನೀರನ್ನು ಆ ತಗಡಿನ ಮೇಲೆ ಬಿಟ್ಟಳು. ಅದು ಇಳಿಜಾರು ಹಿಡಿದು ಅಂಚಿಗೆ ಹರಿದು ಮಣ್ಣಿಗೆ ಬಿತ್ತು. ಒಂದು ಹನಿಯೂ ಒಳಗೆ ಹೋಗಲಿಲ್ಲ.

*

ಹನ್ನೊಂದೂಕಾಲಿಗೆ ಲಿಫ್ಟಿನಿಂದ ಒಬ್ಬ ಅಪರಿಚಿತ ಇಳಿದ. ಅರವತ್ತು ದಾಟಿದ ಆಳು, ಬಿಳಿ ಪೈಜಾಮ, ಹೆಗಲಿಗೆ ಟವೆಲು, ಕೈಯಲ್ಲಿ ಸೇವಂತಿಗೆ ಹಾರ. ಹೆಣದ ಕಾಲ ಬಳಿ ಹಾರವಿಟ್ಟು, ಹಣೆ ನೆಲಕ್ಕೆ ಮುಟ್ಟಿಸಿ, ಎದ್ದು ಕೂರಲು ಜಾಗ ಹುಡುಕಿದ. ಖಾಲಿಯಿದ್ದದ್ದು ವಿನೋದಾಳ ಪಕ್ಕದ ಕುರ್ಚಿ ಒಂದೇ. ಅವಳ ಮುಖ ನೋಡಿ ಅಲ್ಲಿ ಯಾರೂ ಕೂತಿರಲಿಲ್ಲ.

“ಎಲ್ಲಿಂದ ಬಂದ್ರಿ?” ದೂಮಣ್ಣ ಕೇಳಿದರು.

“ಕಲ್ಯಾಣದಿಂದ ರೀ. ಮಾಪಣ್ಣ ಅಂತ. ಗೌಂಡಿ ಕೆಲಸ ಮಾಡ್ತಿದ್ದೆ, ಈಗ ಕಣ್ಣು ಮಂಜಾಗ್ಯಾವ, ಬಿಟ್ಟೀನಿ. ವಾಟ್ಸಾಪ್‌ದಾಗ ಸಾಹೇಬ್ರ ಫೋಟೊ ಬಂತು, ಲೋಕಲ್ ಹಿಡದು ಬಂದೆ.” ಟವೆಲಿನಿಂದ ಮುಖ ಒರೆಸಿಕೊಂಡ. “ಈ ಸಾಹೇಬ್ರು ಇರಲಿಲ್ಲಂದ್ರ ನಮ್ಮವ್ವ ಮಗನ ಮುಖ ನೋಡದ ಸಾಯ್ತಿದ್ಲು.”

ಸಂಘದವರಿಗೆ ಇಂಥ ಮಾತು ಬೇಕಿತ್ತು. ಯಾರೋ ಮೊಬೈಲು ತೆಗೆದು ವಿಡಿಯೊ ಮಾಡತೊಡಗಿದರು. “ಹೇಳಿ, ಹೇಳಿ,” ಎಂದರು ದೂಮಣ್ಣ.

“ನಾನು, ನಮ್ಮಣ್ಣ ಅಲ್ಲೇ ಕೊಲ್ಲಿಯೊಳಗ ಇದ್ವಿ. ಅಣ್ಣ ಕಟ್ಟಡಕ್ಕ ಕಟ್ಟಿದ ಬೊಂಬಿನ ಪರಂಚಿ ಮ್ಯಾಲಿಂದ ಬಿದ್ದ. ಹೆಣ ಊರಿಗೆ ಕಳಸ್ಬೇಕು. ಆಫೀಸಿಗೆ ಹೋದ್ರ ಸಾಹೇಬ್ರ ಮುಂದ ಒಂದು ಪಟ್ಟಿ. ಹದಿನೈದು ಹೆಣ ಅದಾವ, ವಾರಕ್ಕ ಎರಡ ಪೆಟ್ಟಿಗಿಗೆ ವಿಮಾನದಾಗ ಜಾಗ ಅಂದ್ರು. ನಮ್ಮಣ್ಣಂದು ಕಟ್ಟಕಡೀ ಹೆಸರು. ನಾ ಕಾಲು ಹಿಡದೆ. ಊರಾಗ ನಮ್ಮವ್ವ ಕೂಳು ಬಿಟ್ಟು ಕುಂತಾಳ್ರೀ ಅಂದೆ.”

“ಆಮೇಲೆ?”

“ಸಾಹೇಬ್ರು ಪಟ್ಟಿ ಇನ್ನೊಮ್ಮಿ ಮ್ಯಾಲಿಂದ ಕೆಳಗ ಓದಿದ್ರು. ಆಮ್ಯಾಲ ಪೆನ್ನು ತಗದು ಮ್ಯಾಲಿನ ಒಂದು ಹೆಸರು ಹೊಡದು ಹಾಕಿ, ಅಲ್ಲಿ ನಮ್ಮಣ್ಣನ ಹೆಸರು ಬರದ್ರು. ಆ ಹೆಸರನ್ನ ಕಡೀಗೆ ಬರದ್ರು. ನನಗ ಹೆದರಿಕಿ ಆತು. ಯಾರ್ದರಿ ಆ ಹೆಸರು, ಅವರ ಮಂದಿ ಬಂದು ಜಗಳಾ ತಗದ್ರ ಅಂತ ಕೇಳಿದೆ. ‘ನನ್ನ ತಂಗಿ ಗಂಡ’ ಅಂದ್ರು. ‘ನಮ್ಮ ಮನೆಯವರು ಜಗಳ ತೆಗೆಯೋದಿಲ್ಲ, ಕಾಯ್ತಾರೆ’ ಅಂದ್ರು.” ಮಾಪಣ್ಣ ಹೆಣದ ಕಡೆ ಕೈಮುಗಿದ. “ನಾಕ ದಿನದಾಗ ನಮ್ಮಣ್ಣ ಊರು ಮುಟ್ಟಿದ. ತನ್ನ ಸ್ವಂತ ಬೀಗರನ್ನ ಹಿಂದ ಹಾಕಿ ಬ್ಯಾರೆಯವರನ್ನ ಮುಂದ ಮಾಡೋ ದೇವರು ಎಲ್ಲಿ ಸಿಗ್ತಾನ್ರೀ.”

ವಿಡಿಯೊ ಮಾಡುತ್ತಿದ್ದವನ ಕೈ ಹಾಗೆಯೇ ನಿಂತಿತು. ಕೋಣೆಯಲ್ಲಿ ಎಲ್ಲರೂ ವಿನೋದಾಳನ್ನು ನೋಡುತ್ತಿದ್ದರು. ನೋಡದವನು ಮಾಪಣ್ಣ ಒಬ್ಬನೇ.

ವಿನೋದಾ ಎದ್ದಳು. ಅಡುಗೆಮನೆಗೆ ಹೋದಳು. ಅಲ್ಲಿ ಅತ್ತಿಗೆ ವಿಮಲಾ ಸ್ಟೂಲಿನ ಮೇಲೆ ಕೂತು, ಯಾರೋ ಕೊಟ್ಟ ಚಹಾ ಕುಡಿಯದೆ ಹಿಡಿದುಕೊಂಡಿದ್ದಳು. ಗೋಡೆಯಾಚೆಯ ಮಾತು ಅಲ್ಲಿಗೂ ಕೇಳಿತ್ತು.

“ಅತ್ತಿಗೆ, ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಪೊಲೀಸ್ ಕಾಗದ, ಆಸ್ಪತ್ರೆ ಮೊಹರು?”

“ಕಾಗದ ಎಲ್ಲ ಮೂರನೇ ದಿನವೇ ಬಂದಿತ್ತು.” ವಿಮಲಾ ಕಪ್ಪಿನ ಕಡೆಯೇ ನೋಡುತ್ತಿದ್ದಳು. “ಹೇಳಿ ಅಂದೆ. ಹೇಳಿದ್ರೆ ಅವಳ ಸಿಟ್ಟು ನನ್ನ ಮೇಲೆ ಬರ್ತದೆ, ಕಾಗದ ಬರ್ಲಿಲ್ಲ ಅಂದ್ರೆ ಸರ್ಕಾರದ ಮೇಲೆ ಹೋಗ್ತದೆ, ಸರ್ಕಾರಕ್ಕೆ ಅಭ್ಯಾಸ ಉಂಟು ಅಂದ್ರು. ಆ ದಿನ ಊಟ ಮಾಡ್ಲಿಲ್ಲ ಅವರು.”

“ಮರುದಿನ?”

“ಮರುದಿನ ಮಾಡಿದ್ರು.”

*

ವಿಠಲನ ವರ್ಷಾಂತಕ್ಕೆ ಮೊದಲು ಅಣ್ಣ ರಜೆಯಲ್ಲಿ ಬಂದಿದ್ದ. ನಡು ಮಧ್ಯಾಹ್ನ, ಊಟದ ಗಲಾಟೆಯ ಹೊತ್ತಿನಲ್ಲಿ ಕ್ಯಾಂಟೀನಿನ ಬಾಗಿಲಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತ. ಕಾರ್ಖಾನೆಯ ಆಳುಗಳು ಅವನನ್ನು ಇನ್ಸ್‌ಪೆಕ್ಟರನೆಂದು ತಿಳಿದು ದಾರಿ ಬಿಟ್ಟರು. ಅವನು ಶ್ರದ್ಧಾಳಿಗೆ ಬಣ್ಣದ ಪೆನ್ಸಿಲಿನ ಡಬ್ಬಿ ತಂದಿದ್ದ. ವಿನೋದಾ ಡಬ್ಬಿಯನ್ನು ಅವನ ಕೈಗೇ ವಾಪಸು ಕೊಟ್ಟಳು.

“ಅಣ್ಣ, ಇಷ್ಟು ಜನರ ಎದುರು ಹೇಳ್ತೇನೆ ಕೇಳು. ನನ್ನ ಗಂಡನ ಬಾಯಿಗೆ ನೀರು ಬಿಡ್ಲಿಕ್ಕೆ ನನಗೆ ಬಾಯಿ ಸಿಗ್ಲಿಲ್ಲ. ನೀನು ಸತ್ತ ದಿನ ನಿನ್ನ ಬಾಯಿಗೆ ನನ್ನ ನೀರಿಲ್ಲ.”

ಬೇರೆ ಅಣ್ಣಂದಿರಾದರೆ ಕೆನ್ನೆಗೆ ಬಾರಿಸುತ್ತಿದ್ದರು, ಇಲ್ಲವೆ ಅಳುತ್ತಿದ್ದರು. ವಸಂತಕುಮಾರ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಅವಳು ಇನ್ನೇನಾದರೂ ಹೇಳುವುದಿದೆಯೇ ಎಂದು ಮರ್ಯಾದೆಯಿಂದ ಸ್ವಲ್ಪ ಹೊತ್ತು ಕಾದ. ಆಮೇಲೆ ಹೇಳಿದ: “ನಿನ್ನ ಅಭಿಪ್ರಾಯವನ್ನು ಗಮನಕ್ಕೆ ತೆಗೆದುಕೊಂಡಿದ್ದೇನೆ.”

ಆ ಮಾತನ್ನು ಅವಳು ಇಪ್ಪತ್ತಾರು ವರ್ಷ ಲಟ್ಟಣಿಗೆಯ ಕೆಳಗೆ ಹಾಕಿ ಅರೆದಿದ್ದಳು. ಅದು ತೆಳ್ಳಗಾಗಿರಲಿಲ್ಲ.

*

ಅಡುಗೆಮನೆಯಿಂದ ಹೊರಬಂದ ವಿನೋದಾ ಸಮಿತನ ಕೈಯಿಂದ ತುಳಸಿ ನೀರಿನ ಲೋಟ ಕಿತ್ತುಕೊಂಡಳು. ದೂಮಣ್ಣ ನಿಟ್ಟುಸಿರು ಬಿಟ್ಟು ಜಾಗ ಮಾಡಿದರು. ಅವಳು ಲೋಟವನ್ನು ಮಾಪಣ್ಣನಿಗೆ ಕೊಟ್ಟಳು.

“ನೀವು ಮೊದಲು.”

“ಯವ್ವಾ, ನಾ ಹೊರಗಿನಾಂವ—”

“ಅದಕ್ಕೇ. ಬಿಡಿ.”

ಮಾಪಣ್ಣ ಗಾಬರಿಯಿಂದ ಸುತ್ತ ನೋಡಿ, ಮಂಡಿಯೂರಿ ನೀರು ಬಿಟ್ಟ. ದೂಮಣ್ಣ ಅಡ್ಡ ಬಂದರು. “ಇದು ಕ್ರಮ ಅಲ್ಲ ವಿನೋದಕ್ಕ. ರಕ್ತ ಸಂಬಂಧ ಮೊದಲು.”

“ಯಾರ ಕ್ರಮ? ನಿಮ್ಮದಾ, ಸತ್ತವನದ್ದಾ? ಅವನ ಪಟ್ಟಿಯಲ್ಲಿ ಹೊರಗಿನವರು ಮೊದಲು, ಮನೆಯವರು ಕೊನೆಗೆ. ಈಗ ಕೇಳಿದಿರಲ್ಲ, ವಿಡಿಯೊ ಸಹ ಉಂಟು.” ಅವಳು ಬಾಗಿಲ ಕಡೆ ತಿರುಗಿದಳು. “ಲೈನು ಮಾಡಿ. ಮೆಟ್ಟಿಲಲ್ಲಿ ನಿಂತವರು ಒಳಗೆ ಬನ್ನಿ. ಸಂಘದವರು ಬನ್ನಿ. ಸೊಸೈಟಿಯವರು ಬನ್ನಿ.”

ಕೋಪಕ್ಕೆ ಅಂಜಿ ಜನ ಸಾಲಾದರು. ಕ್ಯಾಂಟೀನು ನಡೆಸಿದವಳಿಗೆ ಸಾಲು ನಡೆಸುವುದು ಗೊತ್ತಿತ್ತು. ಸಂಘದ ಅಧ್ಯಕ್ಷ, ಕಾರ್ಯದರ್ಶಿ, ಹಾಲಿ, ಮಾಜಿ. ಸೋರುವ ಟಾಕಿಯ ಮೇಲಿನವರು, ಕೆಳಗಿನವರು. ಪ್ರತಿಯೊಬ್ಬರೂ ಒಂದು ಚಮಚ ನೀರು ಬಿಟ್ಟು ಕೈಮುಗಿದು ಸರಿದರು. ಎದುರು ಮನೆಯ ಜೋಶಿ ಆಜಿ ಕೇಳಿದಳು, “ಅಗ, ತುಲಾ ನಾಹೀ ಟಾಕಾಯಚಂ?” ವಿನೋದಾ ಮರಾಠಿಯಲ್ಲೇ ಹೇಳಿದಳು, ನನ್ನದು ಕೊನೆಯ ನಂಬರು.

ಹನ್ನೆರಡಕ್ಕೆ ಸಾಲು ಮುಗಿಯಿತು. ಹಾಗೆಂದು ದೂಮಣ್ಣ ತಿಳಿದರು.

“ವಾಚ್‌ಮನ್ ಎಲ್ಲಿ?” ಎಂದಳು ವಿನೋದಾ.

ಬಿಹಾರದ ವಾಚ್‌ಮನ್ ಬಂದ. ಅವನ ಹಿಂದೆ ಕಾರು ತೊಳೆಯುವವನು, ಗುಡಿಸುವ ಚಂದವ್ವ, ಇಸ್ತ್ರಿಯವನು. ಚಂದವ್ವ ಹೊಸ್ತಿಲಲ್ಲೇ ನಿಂತು ಅನುಮಾನಿಸಿದಾಗ ವಿನೋದಾ ಅವಳ ಭುಜ ಹಿಡಿದು ಒಳಗೆ ತಂದಳು. ಎರಡನೇ ಮಾಳಿಗೆಗೆ ಗ್ಯಾಸ್ ಸಿಲಿಂಡರು ಹೊತ್ತು ಬಂದವನು ಏನೆಂದು ಇಣುಕಿದ್ದಕ್ಕೆ ಅವನ ಕೈಗೂ ಲೋಟ ಬಂತು. ಅವನು ಭಕ್ತಿಯಿಂದ ಬಿಟ್ಟು, ಯಾರು ಸತ್ತದ್ದೆಂದು ಮೆಟ್ಟಿಲಿಳಿಯುವಾಗ ಕೇಳಿ ತಿಳಿದುಕೊಂಡ.

ಕೆಳಗೆ ಶವದ ಗಾಡಿಯವನು ಹಾರ್ನು ಹೊಡೆಯತೊಡಗಿದ.

“ಅತ್ತೆ, ಟ್ವೆಲ್ವ್ ಟ್ವೆಂಟಿ ಆಯ್ತು,” ಸಮಿತನ ದನಿ ಒಡೆಯಿತು. “ಪಪ್ಪಾ ಕೋ ಔರ್ ಕಿತನಾ ವೇಟ್ ಕರಾಓಗೀ?”

ವಿನೋದಾ ಅವನ ಹತ್ತಿರ ಬಂದು ನಿಂತಳು. ದನಿ ಏರಿಸಲಿಲ್ಲ. “ಎಷ್ಟು ನಿಮಿಷ ಆಯ್ತು ಮಗಾ? ಅರವತ್ತು? ಎಪ್ಪತ್ತು? ನಾನು ಐವತ್ತೆರಡು ದಿನ ಹಣೆ ಮುಚ್ಚಿಕೊಂಡು ಕೂತೆ. ನಿನ್ನ ಅಪ್ಪ ಕಾಯ್ತಾನೆ. ನಮ್ಮ ಮನೆಯವರು ಜಗಳ ತೆಗೆಯೋದಿಲ್ಲ, ಕಾಯ್ತಾರೆ.”

ಈಗ ಅರ್ಥವಾದದ್ದು ಮಾಪಣ್ಣನಿಗೆ. ಮೂಲೆಯಲ್ಲಿ ನಿಂತಿದ್ದವನು ಟವೆಲನ್ನು ಬಾಯಿಗೆ ಒತ್ತಿಕೊಂಡು ಅವಳ ಕಾಲ ಬಳಿ ಕೂತುಬಿಟ್ಟ. “ಯವ್ವಾ, ನನಗ ಗೊತ್ತಿರಲಿಲ್ಲ. ನಿಮ್ಮ ಪಾಳಿ ನಾ ತಗೊಂಡೆ.”

“ನೀವು ತಗೊಳ್ಳಲಿಲ್ಲ. ಅವನು ಕೊಟ್ಟ. ನನ್ನನ್ನು ಕೇಳದೆ ಕೊಟ್ಟ.” ಅವನನ್ನು ಎಬ್ಬಿಸುತ್ತಾ ಕೇಳಿದಳು, “ನಿಮ್ಮ ತಾಯಿ ಮುಖ ನೋಡಿದ್ರಾ?”

“ನೋಡಿದ್ಲು ಯವ್ವಾ. ಪೆಟ್ಟಿಗಿಗೆ ಗಾಜಿನ ಕಿಂಡಿ ಇತ್ತು. ಗುರ್ತು ಸಿಗೋ ಹಂಗ ಇದ್ದ.”

ನಾಲ್ಕು ದಿನಕ್ಕೆ ಹೋದವನಿಗೆ ಕಿಂಡಿ, ಐವತ್ತೆರಡು ದಿನಕ್ಕೆ ಹೋದವನಿಗೆ ಬೆಸುಗೆ. ಅದನ್ನು ಯಾರೂ ವಿನೋದಾಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ವಿಮಲಾ ಅಡುಗೆಮನೆಯಿಂದ ಬಂದು ಅವಳ ಹಿಂದೆ ನಿಂತಳು. “ಹಾಗಾದ್ರೆ ನಾನು ನಿನ್ನ ನಂತರ. ನಿನಗಿಂತ ನಾನು ಹತ್ತಿರದವಳು. ಮೂವತ್ತು ವರ್ಷ ಎಂಬಸಿ ಪಾರ್ಟಿಗಳಲ್ಲಿ ಬಾಗಿಲ ಬದಿಯ ಕುರ್ಚಿಯಲ್ಲೇ ಕೂತವಳು.”

“ನೀವು ಹೋಗಿ ಅತ್ತಿಗೆ. ಕೊನೆಯ ಹೆಸರು ಒಂದೇ ಇರೋದು. ಅದು ನನ್ನದು, ನನ್ನ ಗಂಡನದ್ದು.”

ವಿಮಲಾ ಹೋದಳು. ಸಮಿತ್ ಹೋದ. ಶ್ರದ್ಧಾ ತಾಯಿಯ ಮುಖ ನೋಡಿ, ತಾಯಿ ತಡೆಯದ್ದರಿಂದ, ತಾನೂ ಹೋದಳು. ದೂಮಣ್ಣ ಇನ್ನು ಕ್ರಮದ ಮಾತೆತ್ತದೆ, ಎಲ್ಲರಿಗಿಂತ ಚಿಕ್ಕ ಚಮಚದಲ್ಲಿ ನೀರು ಬಿಟ್ಟು ಹಿಂದೆ ಸರಿದರು. ಲಿಫ್ಟು ಮೇಲೆ ಬಂತು, ಬಾಗಿಲು ತೆರೆಯಿತು, ಒಳಗೆ ಯಾರೂ ಇರಲಿಲ್ಲ. ಕರೆಯಲು ಕಟ್ಟಡದಲ್ಲಿ ಇನ್ನೊಬ್ಬ ಮನುಷ್ಯ ಉಳಿದಿರಲಿಲ್ಲ. ಹಾರ್ನೂ ನಿಂತಿತ್ತು.

ವಿನೋದಾ ಅಣ್ಣನ ತಲೆಯ ಬಳಿ ಕೂತಳು. ಬೆಳಿಗ್ಗೆಯಿಂದ ಅವನ ಮುಖವನ್ನು ಅವಳು ನೋಡಿದ್ದು ಈಗಲೇ. ಎಪ್ಪತ್ತು ಜನರ ನೀರು ಆ ಬಾಯಿಯಲ್ಲಿ ತುಂಬಿ ತುಟಿಯ ಅಂಚಿಗೆ ಬಂದು ನಿಂತಿತ್ತು. ಎಡಗಡೆಯಿಂದ ಇಳಿದು, ಕಿವಿಯ ಹಿಂದೆ ಹಾಯ್ದು, ಬಂದ್‌ಗಲಾದ ಕಾಲರನ್ನು ತೊಯ್ಯಿಸಿತ್ತು. ಒಂದು ತುಳಸಿ ಎಲೆ ಮೇಲೆ ತೇಲುತ್ತಿತ್ತು. ಇನ್ನೊಂದು ಹನಿ ಬಿಟ್ಟರೂ ಅದು, ಆ ತಗಡಿನ ಮೇಲಿನಂತೆ, ಹೊರಗೇ ಹರಿಯುತ್ತಿತ್ತು.

ಅವಳು ಲೋಟವನ್ನು ಪಕ್ಕಕ್ಕಿಟ್ಟಳು. ಆಮೇಲೆ ಒಂದು ಕೈಯನ್ನು ಅವನ ಕುತ್ತಿಗೆಯ ಕೆಳಗೆ, ಇನ್ನೊಂದನ್ನು ಹೆಗಲ ಕೆಳಗೆ ಹಾಕಿದಳು. ಮೈ ಬಿಗಿದಿತ್ತು, ತಲೆಯೊಂದೇ ಏಳಲಿಲ್ಲ, ಇಡೀ ಅಣ್ಣನೇ ಹಲಗೆಯಂತೆ ಎದ್ದ. ಸಮಿತ್ ಓಡಿ ಬಂದು ಸೊಂಟ ಹಿಡಿದ. ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ತಿರುಗಿಸಿದರು. ಊರಿನವರ ನೀರೆಲ್ಲ ಬಾಯಿಯಿಂದ ಹೊರಬಿದ್ದು ಬಾಳೆಯೆಲೆಯ ಮೇಲೆ ಹರಿದು, ದೀಪದ ಹೋಳನ್ನು ಬಳಸಿ, ಚಪ್ಪಲಿಗಳ ಕಡೆ ಸಾಗಿತು. ಕೊನೆಯ ಹನಿ ಬೀಳುವವರೆಗೆ ವಿನೋದಾ ಅವನನ್ನು ಹಾಗೆಯೇ ಹಿಡಿದಿದ್ದಳು. ಬಳಿಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಎಲೆಯ ಚೂರು ತೆಗೆದು, ಅವನ ತುಟಿಯ ಒಳಭಾಗವನ್ನು ಒರೆಸತೊಡಗಿದಳು, ಒಂದಿಷ್ಟೂ ಒದ್ದೆ ಉಳಿಯದ ಹಾಗೆ.